ವಾಯಿದೆ ಮುಂದಕ್ಕೆ ಹೋದ ಮೂರು ವರ್ಷ

ಹೊಲದ ತಕರಾರಿಗೆ ಕೋರ್ಟು ಹತ್ತಿ ಇಳಿದವರಿಗೆ ವಾಯಿದೆ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ತಡವಾದರೆ ಕೆಲಸ ಕೆಟ್ಟಿತು. ಆದರೆ ಕೊರೋನಾ ಕಾಲದಲ್ಲಿ ದೊಡ್ಡ ದೊಡ್ಡ ಸರ್ಕಾರಗಳೇ ತಮ್ಮ ವಾಯಿದೆಯನ್ನು ತಾವೇ ಮುಂದಕ್ಕೆ ಹಾಕಿದವು. ಆ ಸಂಗತಿ ನಮ್ಮ ಮಕ್ತಲ್ ಸೀಮೆಯ ಒಂದು ಸಾಲಿಯ ರಿಜಿಸ್ಟರಿನ ತನಕ ಬಂದು ಮುಟ್ಟಿತು.

2020ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ನನಗೆ ಅಮೆರಿಕದಿಂದ ಫೋನು ಬಂತು. ಹಿಂದೆ ನನ್ನ ಹತ್ತಿರ ಒಂದನೇ ಇಯತ್ತೆ ಕಲಿತ ಹುಡುಗಿ. ಕ್ಷೇಮಸಮಾಚಾರ ಕೇಳುವ ಮೊದಲೇ, "ಸರ, ರಿಜಿಸ್ಟರ್‌ನ್ಯಾಗ ನನ್ನ ಹೆಸರು ಐತೇನ್ರಿ?" ಅಂದಳು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದಳು. ವಲಸೆ ಇಲಾಖೆಯವರು ಮಾರ್ಚ್ ಮೊದಲ ವಾರದಲ್ಲಿ ಪತ್ರ ಬರೆದು, ಹುಟ್ಟಿದ್ದಕ್ಕೆ ಸರಿಯಾದ ಪುರಾವೆ ಕಳಿಸು ಅಂದಿದ್ದರು.

ನಮ್ಮ ದೇಶದಲ್ಲಿ ಜನನ ಮರಣ ನೋಂದಣಿ ಕಾಯಿದೆ ಆದದ್ದು 1969ರಲ್ಲಿ. ಆದರೂ ಮನೆಯಲ್ಲೇ ಹೆರಿಗೆಯಾದ ಕೂಸಿನ ಹೆಸರು ಎಷ್ಟೋ ವರ್ಷ ಯಾವ ದಫ್ತರಕ್ಕೂ ಹತ್ತುತ್ತಿರಲಿಲ್ಲ. ಅಂಥವರು ಅಮೆರಿಕದವರಿಗೆ ಮೊದಲು "ಇವರ ಜನನ ನಮ್ಮ ದಫ್ತರದಲ್ಲಿ ದಾಖಲಾಗಿಲ್ಲ" ಎಂಬ ಸರ್ಟಿಫಿಕೇಟು ಕೊಡಬೇಕು. ಅದರ ಜೊತೆಗೆ ಸಾಲಿಯ ದಾಖಲೆ, ಹುಟ್ಟಿದ ವೇಳೆ ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ಟು. ಇಷ್ಟು ಕೂಡಿದರೆ ಒಂದು ಪುರಾವೆ. ಎಲ್ಲದರ ನಕಲು ಕಳಿಸಿದರೆ ನಡೆಯುತ್ತದೆ, ಫೋನಿನಲ್ಲೂ ಕಳಿಸಬಹುದು. ಆದರೆ ಸಹಿ, ಶಿಕ್ಕೆ ಬೀಳಬೇಕಲ್ಲ?

ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ ಬೀಗ. ಸಾಲಿ ಬಂದ್, ಕಚೇರಿ ಬಂದ್, ನೋಟರಿ ಬಂದ್. ಸಾಕ್ಷಿ ಹೇಳಬೇಕಾದ ಅವಳ ಸೋದರತ್ತೆ ರಾಯಚೂರಿನಲ್ಲಿ. ಕೃಷ್ಣೆ ದಾಟಿದರೆ ರಾಯಚೂರು, ಆದರೆ ಆಗ ಹೊಳೆಯ ಆಚೆ ಅಂದರೆ ಬೇರೆ ದೇಶ ಇದ್ದಂಗಾಗಿತ್ತು.

ಆ ಮುದುಕಿಯ ಕಾಗದದಲ್ಲೂ ಒಂದು ತೊಡಕಿತ್ತು. ಹುಟ್ಟಿದ ಊರು ಗದ್ವಾಲ, ಜಿಲ್ಲೆ ರಾಯಚೂರು ಅಂತ ಅದರಲ್ಲಿತ್ತು. ತಪ್ಪೇನಲ್ಲ. 1956ರ ಅಕ್ಟೋಬರ್ 31ರ ತನಕ ಗದ್ವಾಲ, ಆಲಂಪುರ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಮರುದಿನ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕು ಆಂಧ್ರಪ್ರದೇಶಕ್ಕೆ ಬಂದು ಮಹಬೂಬನಗರ ಜಿಲ್ಲೆಗೆ ಸೇರಿದವು. 2014ರಲ್ಲಿ ತೆಲಂಗಾಣ ಆಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆ. ಮನುಷ್ಯ ಕೂತಲ್ಲೇ ಕೂತಿದ್ದರೂ ವಿಳಾಸ ತಾನಾಗಿ ತಿರುಗಾಡಿದೆ. ಇದನ್ನು ಅಮೆರಿಕದ ಅಧಿಕಾರಿಗೆ ತಿಳಿಸಲು ಅಫಿಡವಿಟ್ಟಿನಲ್ಲಿ ಅರ್ಧ ಪುಟದ ಇತಿಹಾಸವನ್ನೇ ಬರೆಯಬೇಕಾಯಿತು. ನಮ್ಮ ಮಕ್ಕಳಿಗೆ ಪಾಠದಲ್ಲಿ ರಾಜ್ಯ ಪುನರ್ವಿಂಗಡಣೆ ಒಂದು ಅಂಕದ ಪ್ರಶ್ನೆ!

ಇನ್ನು ಆ ದೇಶದ ಕಾನೂನು. ಹೀಗೆ ಪುರಾವೆ ಕೇಳಿದ ಪತ್ರಕ್ಕೆ ಉತ್ತರ ಕೊಡಲು ಹೆಚ್ಚೆಂದರೆ 12 ವಾರ, ಅಂದರೆ 84 ದಿನ. ಟಪಾಲಿನಲ್ಲಿ ಬಂದ ಪತ್ರಕ್ಕೆ ಮೇಲೆ 3 ದಿನ. ಅರ್ಜಿ ತಿರಸ್ಕರಿಸುತ್ತೇವೆ ಎಂಬ ಮುನ್ಸೂಚನೆ ಬಂದರೆ 30 ದಿನ ಮಾತ್ರ. ಉತ್ತರ ಮುಟ್ಟದಿದ್ದರೆ ಅರ್ಜಿ ಕೈಬಿಟ್ಟಂತೆ ಲೆಕ್ಕ ಹಿಡಿಯಬಹುದು, ಕಟ್ಟಿದ ಫೀಜು ವಾಪಸು ಬರುವುದಿಲ್ಲ. ಇದಕ್ಕಿಂತ ಹೆಚ್ಚು ಮುದ್ದತು ಕೊಡಬಾರದು ಅಂತ ಆ ನಿಯಮದಲ್ಲೇ ಬರೆದಿದೆ. ಹುಡುಗಿಗೆ ಮೇ ತಿಂಗಳ ಕೊನೆಯೇ ಗಡುವು.

ಹಾಗಿದ್ದ ಮೇಲೆ ಮುದ್ದತು ಕೊಟ್ಟದ್ದು ಹ್ಯಾಂಗ? ಇಲಾಖೆಯವರು ಜಾಣತನ ಮಾಡಿದರು. ಮಾರ್ಚ್ 18ಕ್ಕೆ ತಮ್ಮ ಕಚೇರಿಗಳನ್ನು ಜನರಿಗೆ ಮುಚ್ಚಿದ್ದರು. ತಿಂಗಳ ಕೊನೆಗೆ ಒಂದು ಪ್ರಕಟಣೆ ಹೊರಡಿಸಿದರು: ಪತ್ರದ ಮೇಲಿನ ತಾರೀಖು ಬದಲಾಗುವುದಿಲ್ಲ, ಆದರೆ ಆ ತಾರೀಖಾದ ಮೇಲೆ 60 ದಿನದೊಳಗೆ ಉತ್ತರ ಮುಟ್ಟಿದರೆ ಅದನ್ನು ನೋಡಿಯೇ ಮುಂದಿನ ಕ್ರಮ ತೆಗೆದುಕೊಳ್ಳುತ್ತೇವೆ. ವಾಯಿದೆ ಇದ್ದಲ್ಲೇ ಇತ್ತು, ಅಧಿಕಾರಿಯ ಕೈ ಮಾತ್ರ 60 ದಿನ ತಡೆದು ನಿಂತಿತು. ಮೊದಲಿಗೆ ಇದು 2020ರ ಮಾರ್ಚ್ 1ರಿಂದ ಮೇ 1ರ ನಡುವಿನ ಪತ್ರಗಳಿಗೆ ಮಾತ್ರ. ಅವಳ ಪತ್ರ ಒಂದು ವಾರ ಮೊದಲು ಹೊರಟಿದ್ದರೆ ಈ ರಿಯಾಯಿತಿ ಸಿಗುತ್ತಿರಲಿಲ್ಲ.

ಆಮೇಲೆ ಅದನ್ನು ಜುಲೈ 1ಕ್ಕೆ, ಸೆಪ್ಟೆಂಬರ್ 11ಕ್ಕೆ, ಹೊಸ ವರ್ಷಕ್ಕೆ ಅಂತ ಮುಂದೂಡುತ್ತಾ ಹೋದರು. ಕೊನೆಗೆ ನಿಂತದ್ದು 2023ರ ಮಾರ್ಚ್ 23ಕ್ಕೆ, ಹೆಚ್ಚೂಕಡಿಮೆ ಮೂರು ವರ್ಷ. ಅದೇ ವೇಳೆ ಅರ್ಜಿಯ ಮೇಲೆ ಶಾಯಿಯ ಅಸಲು ಸಹಿಯೇ ಬೇಕೆಂಬ ಹಟವನ್ನೂ ಬಿಟ್ಟು, ಸಹಿ ಮಾಡಿದ ಕಾಗದದ ಸ್ಕ್ಯಾನು ಸಾಕು ಅಂದರು. ಆ ಒಂದನ್ನು 2022ರ ಜುಲೈನಲ್ಲಿ ಕಾಯಂ ಮಾಡಿಬಿಟ್ಟರು.

ನಮ್ಮ ಸುಪ್ರೀಂ ಕೋರ್ಟು ಇವರಿಗಿಂತ ಒಂದು ಹೆಜ್ಜೆ ಮುಂದಿತ್ತು. ಯಾರೂ ಅರ್ಜಿ ಹಾಕದೆ, ತಾನೇ ಮನಗಂಡು, 2020ರ ಮಾರ್ಚ್ 23ರಂದು ದೇಶದ ಎಲ್ಲಾ ಕೋರ್ಟುಗಳ ದಾವೆ, ಅಪೀಲುಗಳ ಕಾಲಮಿತಿಯನ್ನು ಮಾರ್ಚ್ 15ರಿಂದಲೇ ತಡೆಹಿಡಿಯಿತು. ಕೊನೆಗೆ 2022ರ ಫೆಬ್ರವರಿ 28ರ ತನಕದ ದಿನಗಳನ್ನು ಲೆಕ್ಕದಿಂದಲೇ ಬಿಡಿಸಿತು. ದುಬೈ ಕಡೆ ಬೇರೆ ಆಟ. ಮಾರ್ಚ್ ನಂತರ ಮುಗಿದ ವೀಸಾಗಳು ಡಿಸೆಂಬರ್ ತನಕ ನಡೆಯುತ್ತವೆ ಅಂತ ಮೊದಲು ಹೇಳಿ, ಜುಲೈನಲ್ಲೇ ಆ ಮಾತನ್ನು ವಾಪಸು ತೆಗೆದುಕೊಂಡರು. ಕೊಟ್ಟ ಮುದ್ದತನ್ನು ಅರ್ಧಕ್ಕೇ ಕಸಿದುಕೊಳ್ಳುವುದಕ್ಕಿಂತ ಮೊದಲೇ ಸ್ವಲ್ಪ ಕೊಡುವುದು ಮೇಲು ಅಂತ ನನಗನ್ನಿಸುತ್ತದೆ.

ಇದನ್ನೆಲ್ಲ ಬರೆಯುವಾಗ ಒಂದು ಮಾತು ಮನಸ್ಸು ಕೊರೆಯುತ್ತದೆ. ಇವೆಲ್ಲ ಕಾಗದ ಇದ್ದವರ ಮುದ್ದತು. ಪಾಲಮೂರು ಕೂಲಿ ಅಂತ ಹೆಸರು ಹೊತ್ತು ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಜನಕ್ಕೆ 21 ದಿನದ ಲಾಕ್‌ಡೌನ್ ತಿಳಿದದ್ದು ನಾಲ್ಕು ತಾಸು ಮೊದಲು. ಅವರಿಗೆ ಯಾರೂ 60 ದಿನ ಬರೆದು ಕೊಡಲಿಲ್ಲ.

ಜೂನ್‌ನಲ್ಲಿ ದಾರಿ ಬಿಟ್ಟರು. ಸಾಲಿಯ ಬೀಗ ತೆಗೆಸಿ, ಕಪಾಟಿನ ಧೂಳು ಜಾಡಿಸಿ ರಿಜಿಸ್ಟರು ಹುಡುಕಿದೆವು. ಅಂಚಿಗೆ ಗೆದ್ದಲು ಹತ್ತಿತ್ತು, ಪುಣ್ಯಕ್ಕೆ ಅವಳ ಸಾಲು ಉಳಿದಿತ್ತು. ಹೆಡ್ಮಾಸ್ತರು ನಕಲು ಮಾಡಿ ಶಿಕ್ಕೆ ಒತ್ತಿದರು. ಸೋದರತ್ತೆ ಮಾಸ್ಕು ಕಟ್ಟಿಕೊಂಡೇ ನೋಟರಿಯ ಮುಂದೆ ಹೆಬ್ಬೆಟ್ಟು ಒತ್ತಿದಳು. ದಾಖಲೆ ಇಲ್ಲವೆಂಬ ಸರ್ಟಿಫಿಕೇಟಿಗೆ ಮೂರು ಸಲ ತಿರುಗಿದ್ದಾಯಿತು. ಜುಲೈ ಎರಡನೇ ವಾರ ಎಲ್ಲಾ ಕೂಡಿಸಿ ಫೋನಿನಲ್ಲೇ ಕಳಿಸಿದೆವು. ಮೇ ತಾರೀಖು ದಾಟಿತ್ತು, 60 ದಿನ ದಾಟಿರಲಿಲ್ಲ. ಅರ್ಜಿ ಉಳಿಯಿತು.

ಆಮೇಲೆ ಊರಿಗೆ ಬಂದಾಗ ಅವಳು ಆ ರಿಜಿಸ್ಟರನ್ನು ನೋಡಬೇಕು ಅಂದಳು. ತೆಗೆದು ತೋರಿಸಿದೆ. ಬೆರಳಿಟ್ಟು ಸಾಲು ಸಾಲು ಓದಿದಳು. ಅವಳ ಹುಟ್ಟಿದ ತಾರೀಖು ಜೂನ್ 1. ಮೇಲಿನ ಹುಡುಗನದೂ ಜೂನ್ 1, ಕೆಳಗಿನವಳದೂ ಜೂನ್ 1. ಅಪ್ಪ ಅವ್ವ "ಆರು ಆಗ್ಯಾವ್ರಿ" ಅಂದರೆ ನಾವು ಮಾಸ್ತರರು ಬರೆಯುತ್ತಿದ್ದದ್ದೇ ಹಾಗೆ. "ಸರ, ಇದರ ಸಲುವಾಗಿ ಎರಡು ದೇಶ ಓಡಾಡಿದೆವಲ್ರಿ" ಅಂತ ನಕ್ಕಳು. ಬರೆದ ಕೈ ನನ್ನದೇ. ನಾನೇನು ಹೇಳಲಿ, ಚಹಾ ತರಿಸಿದೆ.