ವಿಡಿಯೊ ಗೇಮ್ ಸಂಗೀತದ ಅಭಿಮಾನಿ ರೂಪಗಳು: ಕ್ಯಾಸಂಬಳ್ಳಿ ಸೀಮೆಯ ಮೆರವಣಿಗೆ ವಾದನದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ವಿಡಿಯೊ ಗೇಮುಗಳ ಸಂಗೀತವನ್ನು ಅಭಿಮಾನಿಗಳು ತಮ್ಮ ವಾದ್ಯಗಳಿಗೆ ಒಗ್ಗಿಸಿಕೊಂಡು ನುಡಿಸುವ ರೂಢಿ ಇಂದು ಜಗತ್ತಿನೆಲ್ಲೆಡೆ ಇದೆ. ಸಂಗೀತದ ವಿದ್ವತ್ತು ಇದನ್ನು ಬಹುಮಟ್ಟಿಗೆ ಹವ್ಯಾಸವೆಂದು ಬದಿಗಿಟ್ಟಿದೆ. ಈ ಕೆಲಸಕ್ಕೂ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ ಸೀಮೆಯ ಮೆರವಣಿಗೆ ವಾದನಕ್ಕೂ ಒಂದೇ ಬಗೆಯ ಕೌಶಲ ಬೇಕು. ಆದರೆ ಕಾನೂನು ಎರಡನ್ನೂ ಸಮನಾಗಿ ಕಾಣುವುದಿಲ್ಲ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

1. ಕೊನೆಯಿಲ್ಲದ ರಾಗ

1985ರಲ್ಲಿ ಬಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಕ್ಕೆ ಸಂಗೀತ ಕೊಟ್ಟವರು ಕೋಜಿ ಕೊಂಡೊ. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸುವ ಅಗ್ಗದ ಯಂತ್ರಗಳ ಮೂಲಕ ಆ ರಾಗ ನಮ್ಮ ಮನೆಗಳಿಗೂ ಬಂತು. ಮೂಲ ನಿಂಟೆಂಡೊ ಯಂತ್ರದ ಚಿಪ್‌ಗೆ ಐದೇ ದನಿಗಳು: ಎರಡು ಚೌಕ ತರಂಗಗಳವು, ಒಂದು ತ್ರಿಕೋನ ತರಂಗದ್ದು, ಒಂದು ಗದ್ದಲದ್ದು, ಇನ್ನೊಂದು ಮುದ್ರಿತ ಧ್ವನಿ ತುಣುಕಿನದು. ಸ್ವರಮಾಲೆ ಚೌಕ ತರಂಗಕ್ಕೆ, ಮಂದ್ರ ತ್ರಿಕೋನಕ್ಕೆ, ತಾಳ ಗದ್ದಲಕ್ಕೆ. ಮಾರಿಯೊ ಹಾರುವ, ನಾಣ್ಯ ಹೆಕ್ಕುವ ಸದ್ದುಗಳೂ ಇವೇ ದನಿಗಳನ್ನು ಎರವಲು ಪಡೆಯುತ್ತವೆ. ಆ ಕ್ಷಣ ರಾಗದ ಒಂದು ಎಳೆ ಕಡಿದುಹೋಗುತ್ತದೆ. ಹಾಗಾಗಿ ಆಡುವವನ ಕಿವಿಗೆ ರಾಗ ಇಡಿಯಾಗಿ ಬೀಳುವುದೇ ಅಪರೂಪ.

ರಾಗಕ್ಕೆ ಕೊನೆಯೂ ಇಲ್ಲ. ಆಟ ಸಾಗುವಷ್ಟು ಹೊತ್ತು ಅದು ಸುತ್ತುತ್ತದೆ, ಗಡುವು ಹತ್ತಿರವಾದಾಗ ಓಟ ಹೆಚ್ಚಿಸಿಕೊಳ್ಳುತ್ತದೆ. ಅದನ್ನು ಕೀಬೋರ್ಡಿಗೋ ಗಿಟಾರಿಗೋ ತರುವ ಅಭಿಮಾನಿ ಕಡಿದ ಎಳೆಗಳನ್ನು ಕೂಡಿಸಬೇಕು, ತ್ರಿಕೋನ ತರಂಗದ ಮಂದ್ರಕ್ಕೆ ಎಡಗೈಯಲ್ಲಿ ಜಾಗ ಮಾಡಬೇಕು, ಎಲ್ಲಿ ನಿಲ್ಲಿಸಬೇಕೆಂದು ತಾನೇ ತೀರ್ಮಾನಿಸಬೇಕು. ಇದು ಕೃತಿಯನ್ನು ಒಳಗಿನಿಂದ ಬಲ್ಲವರು ಮಾಡುವ ಕೆಲಸ.

2. ಮೆರವಣಿಗೆಯ ವಾದಕ

ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್‌ನವರ ಮುಂದಿರುವ ಸಮಸ್ಯೆಯೂ ಇದೇ. ಸಿನಿಮಾ ಹಾಡಿನ ಹತ್ತಾರು ವಾದ್ಯಗಳನ್ನು ಅವರು ಕ್ಲಾರಿನೆಟ್, ಟ್ರಂಪೆಟ್, ಡ್ರಮ್ಮುಗಳಿಗೆ ಇಳಿಸುತ್ತಾರೆ. ಹುಡುಗರು ಕುಣಿಯಲು ನಿಂತರೆ ಪಲ್ಲವಿಯನ್ನೇ ಮತ್ತೆ ಮತ್ತೆ ನುಡಿಸುತ್ತಾರೆ. ಮಂಟಪ ಹತ್ತಿರವಾದರೆ ಲಯ ಏರಿಸುತ್ತಾರೆ. ಸಂಗೀತದ ಉದ್ದವನ್ನು ಆಟದಲ್ಲಿ ಆಟಗಾರನ ನಡೆ ನಿರ್ಧರಿಸಿದರೆ ಇಲ್ಲಿ ಜನರ ನಡೆ ನಿರ್ಧರಿಸುತ್ತದೆ. ಈ ಸೀಮೆಯ ತಮಟೆಯ ಲಯಜ್ಞಾನವೂ ಇದರ ಜೊತೆಗಿದೆ. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ಜ್ಞಾನಕ್ಕೆ ಸಂದ ಮನ್ನಣೆ.

ಈ ಸೀಮೆಯದೇ ಆದ ಕೋಲಾರ ಚಿನ್ನದ ಗಣಿ ಪಟ್ಟಣದ ಹೆಸರು ಹೊತ್ತ ‘ಕೆಜಿಎಫ್’ ಚಿತ್ರಗಳು 2018 ಮತ್ತು 2022ರಲ್ಲಿ ತೆರೆಕಂಡವು. 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಯ ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣ ನಡೆಯಿತು. ರವಿ ಬಸ್ರೂರು ಕಟ್ಟಿದ ಹಿನ್ನೆಲೆ ಸಂಗೀತವನ್ನು ಅಭಿಮಾನಿಗಳು ಪಿಯಾನೊ, ಕೊಳಲು, ಗಿಟಾರುಗಳಿಗೆ ತಂದರು. ಗೇಮ್ ಸಂಗೀತದಂತೆ ಇಲ್ಲಿಯೂ ಕಲಿಕೆ ಕಿವಿಯಿಂದಲೇ.

3. ಕಾಯ್ದೆಯ ಎರಡು ಅಳತೆ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯನ್ನು ಬೇರೆ ವಾದ್ಯಗಳಿಗೆ ಹೊಂದಿಸಿ ಬರೆಯುವುದೂ ರೂಪಾಂತರವೇ. ಆ ಹಕ್ಕು ಕೃತಿಯ ಒಡೆಯನದು. ಆದರೆ ಕಲಂ 52(1)(ಜಡ್‌ಎ) ಧಾರ್ಮಿಕ ಸಮಾರಂಭಗಳ ವಾದನಕ್ಕೆ ವಿನಾಯಿತಿ ಕೊಟ್ಟು, ಮದುವೆ ಮೆರವಣಿಗೆಯನ್ನೂ ಅದರೊಳಗೆ ಸೇರಿಸಿದೆ. ಕ್ಯಾಸಂಬಳ್ಳಿಯ ಬೀದಿಯಲ್ಲಿ ದಿಬ್ಬಣದ ಮುಂದೆ ಮಾರಿಯೊ ರಾಗವನ್ನೋ ಕೆಜಿಎಫ್ ಹಿನ್ನೆಲೆ ಸಂಗೀತವನ್ನೋ ನುಡಿಸಿದರೆ ಆಕ್ಷೇಪವಿಲ್ಲ. ಅದನ್ನೇ ಒಬ್ಬ ಹುಡುಗಿ ಮನೆಯಲ್ಲಿ ಕೀಬೋರ್ಡಿನಲ್ಲಿ ನುಡಿಸಿ, ಮುದ್ರಿಸಿ, ಅಂತರ್ಜಾಲಕ್ಕೆ ಏರಿಸಿದರೆ ಈ ವಿನಾಯಿತಿ ಅವಳಿಗೆ ಸಿಗದು.

ಅವಳಿಗೆ ತೆರೆದಿರುವ ದಾರಿ 2012ರ ತಿದ್ದುಪಡಿ ತಂದ ಕಲಂ 31ಸಿ. ಮೊದಲ ಧ್ವನಿಮುದ್ರಣದ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು. 2022ರ ಹಾಡಾದರೆ 2027ರ ಕೊನೆಯವರೆಗೆ. ಆಮೇಲೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಮುದ್ರಣಕ್ಕೆ ತಾಂತ್ರಿಕವಾಗಿ ಅಗತ್ಯವಿಲ್ಲದ, ಒಡೆಯ ಹಿಂದೆ ಒಪ್ಪಿರದ ಮಾರ್ಪಾಡು ಮಾಡಬಾರದು. ಕ್ಯಾಸೆಟ್ ಕಂಪನಿಗಳಿಗೆ ತಕ್ಕಂತಿರುವ ಈ ನಿಯಮ ಅಭಿಮಾನಿಯ ಕೆಲಸವನ್ನು ಮೊದಲ ಹೆಜ್ಜೆಯಲ್ಲೇ ತಡೆಯುತ್ತದೆ, ಏಕೆಂದರೆ ಅವಳ ಕೆಲಸವೇ ಮಾರ್ಪಾಡು.

ಒಡೆಯನ ಹಕ್ಕೂ ಹುಸಿಯಲ್ಲ. ಕೆಜಿಎಫ್-2ರ ಹಾಡನ್ನು ರಾಜಕೀಯ ಯಾತ್ರೆಯ ವಿಡಿಯೊಗಳಲ್ಲಿ ಬಳಸಿದ್ದಕ್ಕೆ ಸಂಗೀತ ಸಂಸ್ಥೆಯೊಂದು 2022ರ ನವೆಂಬರಿನಲ್ಲಿ ಬೆಂಗಳೂರಿನ ನ್ಯಾಯಾಲಯಕ್ಕೆ ಹೋಯಿತು. ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆಯೇ ಯಾತ್ರೆ ನಡೆಸಿದವರ ಜಾಲತಾಣ ಖಾತೆಗಳಿಗೆ ಆ ನ್ಯಾಯಾಲಯ ಹಾಕಿದ್ದ ತಡೆಯನ್ನು ಹೈಕೋರ್ಟ್ ರದ್ದು ಮಾಡಿತು. ಸಿದ್ಧ ಮುದ್ರಿಕೆಯನ್ನೇ ಎತ್ತಿ ಪ್ರಚಾರಕ್ಕೆ ಬಳಸುವುದು ಒಂದು, ಕಿವಿಯಿಂದ ಕಲಿತು ಸ್ವಂತ ಕೈಯಿಂದ ನುಡಿಸುವುದು ಇನ್ನೊಂದು. ಕಾಯ್ದೆ ಈ ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು.

4. ನಿಲುವು

ಮೂಲ ಸಂಯೋಜಕರ ಹೆಸರು ಹೇಳಿ, ಲಾಭದ ಉದ್ದೇಶವಿಲ್ಲದೆ, ಸ್ವತಃ ನುಡಿಸಿದ ರೂಪಗಳಿಗೆ ಕಲಂ 52ರಲ್ಲಿ ಪ್ರತ್ಯೇಕ ವಿನಾಯಿತಿ ಬರಬೇಕು. ಬ್ಯಾಂಡ್ ಸೆಟ್‌ಗಳ ವಾದನ ಕ್ರಮವನ್ನು ನಮ್ಮ ಸಂಗೀತ ಮತ್ತು ಜಾನಪದ ವಿಭಾಗಗಳು ಸ್ವರಲಿಪಿಯ ಸಮೇತ ದಾಖಲಿಸಬೇಕು. ಬೀದಿಯಲ್ಲಿ ಒಪ್ಪಿತವಾದ ವಿದ್ಯೆಗೆ ಕೋಣೆಯಲ್ಲೂ ಮಾನ್ಯತೆ ಸಿಗುವುದು ನ್ಯಾಯ.