ಕ್ಷಯ ಪತ್ತೆ ಪರೀಕ್ಷೆಗಳ ನಿಖರತೆ: ಮುಂಬಯಿ

ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇದೆಯೇ, ಇದ್ದರೆ ಯಾವ ಔಷಧಕ್ಕೆ ಬಗ್ಗುತ್ತದೆ? ಪ್ರಯೋಗಾಲಯ ಕೊಡುವ ಉತ್ತರ ಎಷ್ಟು ನಂಬಲರ್ಹ ಎಂಬ ಚರ್ಚೆ 2012ರಲ್ಲಿ ಮುಂಬಯಿಯಿಂದ ಜಗತ್ತಿಗೆ ಹರಡಿತು. ಮಾಹಿಮ್‌ನ ಹಿಂದೂಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಹೋದ್ಯೋಗಿಗಳು, ಪರೀಕ್ಷಿಸಿದ ಯಾವ ಔಷಧಕ್ಕೂ ಮಣಿಯದ ಕ್ಷಯವನ್ನು ನಾಲ್ವರು ರೋಗಿಗಳಲ್ಲಿ ಕಂಡು ವರದಿ ಮಾಡಿದ್ದರು. ‘ಸಂಪೂರ್ಣ ಔಷಧ ನಿರೋಧಕ’ ಎಂಬ ಹೆಸರನ್ನು ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮೊದಲ ಹಂತದ ಔಷಧಗಳು ಫಲಿಸದಾಗ ಕೊಡುವ ಎರಡನೆಯ ಹಂತದ ಹಲವು ಔಷಧಗಳಿಗೆ ನಿರೋಧಕತೆಯನ್ನು ಅಳೆಯುವ ಪರೀಕ್ಷೆಯೇ ಸಾಕಷ್ಟು ವಿಶ್ವಾಸಾರ್ಹವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ಹೆಸರಿನ ವಾದ ಏನೇ ಇರಲಿ, ಆ ರೋಗಿಗಳ ಸಂಕಟ ನಿಜವಾಗಿತ್ತು.

ನಿಖರತೆಯ ಪ್ರಶ್ನೆ ಕ್ಷಯದ ಪ್ರತಿ ಪರೀಕ್ಷೆಗೂ ಇದೆ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಅವು ಸುಮಾರು 5,000ದಿಂದ 10,000ದಷ್ಟಾದರೂ ಇರಬೇಕು. ಮಕ್ಕಳೂ ಎಚ್‌ಐವಿ ಸೋಂಕಿತರೂ ಈ ಜರಡಿಯಲ್ಲಿ ಸುಲಭವಾಗಿ ಸೋರಿಹೋಗುತ್ತಾರೆ. ಔಷಧ ನಿರೋಧಕತೆಯಂತೂ ಇದರಿಂದ ತಿಳಿಯುವುದೇ ಇಲ್ಲ.

ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಹೆಚ್ಚು ಸೂಕ್ಷ್ಮ. ಆದರೆ ವಾರಗಟ್ಟಲೆ ಕಾಯಬೇಕು.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಎಂಬ ಡಿಎನ್‌ಎ ಪರೀಕ್ಷೆ, ಸುಮಾರು ಎರಡು ಗಂಟೆಯಲ್ಲಿ ಬ್ಯಾಕ್ಟೀರಿಯಾವನ್ನೂ ಕ್ಷಯದ ಪ್ರಮುಖ ಔಷಧವಾದ ರಿಫಾಂಪಿಸಿನ್‌ಗೆ ಅದರ ನಿರೋಧಕತೆಯನ್ನೂ ಪತ್ತೆಹಚ್ಚುತ್ತದೆ. ಸೂಕ್ಷ್ಮದರ್ಶಕದಲ್ಲಿ ಪಾಸಿಟಿವ್ ಬಂದ ಕ್ಷಯ ರೋಗಿಗಳಲ್ಲಿ ಇದು ಶೇ. 98ರಷ್ಟು ಮಂದಿಯನ್ನು ಗುರುತಿಸುತ್ತದೆ. ನೆಗೆಟಿವ್ ಬಂದ ಕ್ಷಯ ರೋಗಿಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಯನ್ನು ಮಾತ್ರ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುವುದರಿಂದ, ಚಿಕಿತ್ಸೆಗೆ ಫಲ ಸಿಗುತ್ತಿದೆಯೇ ಎಂದು ನೋಡಲು ಇದನ್ನು ಬಳಸುವಂತಿಲ್ಲ.

ಖಾಸಗಿ ಲ್ಯಾಬುಗಳಲ್ಲಿ ಧಾರಾಳವಾಗಿ ನಡೆಯುತ್ತಿದ್ದ ರಕ್ತದ ಪ್ರತಿಕಾಯ ಪರೀಕ್ಷೆಗಳು ಆರೋಗ್ಯವಂತರಿಗೂ ರೋಗದ ಹಣೆಪಟ್ಟಿ ಹಚ್ಚುತ್ತಿದ್ದವು. ಭಾರತ ಅವನ್ನು 2012ರ ಜೂನ್‌ನಲ್ಲಿ ನಿಷೇಧಿಸಿತು.