ಬಂದೂಕು ಯಾರ ಕೈಗೆ? ಕಲಬುರಗಿ, 1948

1948ರ ಡಿಸೆಂಬರ್ ಆರಂಭದಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅವರು ಆಯುಧ ಹೊಂದುವುದನ್ನು ಮೂಲಭೂತ ಹಕ್ಕಾಗಿಸಬೇಕೆಂದು ವಾದಿಸಿದರು; 1931ರ ಕರಾಚಿ ಕಾಂಗ್ರೆಸ್ಸಿನ ಠರಾವೇ ಅವರಿಗೆ ಆಧಾರ. ಬ್ರಿಟಿಷರ ಆಯುಧ ಕಾಯ್ದೆಯ ತಾರತಮ್ಯಕ್ಕೆ ಎದುರಾಗಿ ಹುಟ್ಟಿದ ಬೇಡಿಕೆ ಸ್ವತಂತ್ರ ದೇಶಕ್ಕೆ ಹೊಂದದು ಎಂದ ಅಂಬೇಡ್ಕರ್ ಒಪ್ಪಲಿಲ್ಲ. ಅದಕ್ಕೆ ಮೂರು ತಿಂಗಳೂ ಆಗದ ಹಿಂದೆ, ಸೆಪ್ಟೆಂಬರ್ 17ರಂದು, ಭಾರತೀಯ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ಗೆ ಹೈದರಾಬಾದಿನ ನಿಜಾಮ ಸೋಲೊಪ್ಪಿದ್ದ. ಅಲ್ಲಿಯವರೆಗೆ ಅವನ ಆಳ್ವಿಕೆಯಲ್ಲಿದ್ದ ಕಲಬುರಗಿ (ಆಗಿನ ಗುಲ್ಬರ್ಗ) ಸೀಮೆಯ ಹಳ್ಳಿಗಳು ನಿಜಾಮನ ಪರ ನಿಂತ ಸಶಸ್ತ್ರ ರಜಾಕಾರರ ಹಾವಳಿಗೆ ತತ್ತರಿಸಿದ್ದವು.

ಹಳ್ಳಿಗರ ಬಳಿಯೂ ಬಂದೂಕಿದ್ದರೆ ರಜಾಕಾರರು ಹೆದರುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ತಕರಾರು ತೂಕದ್ದೇ. ಆದರೆ ರಜಾಕಾರರು ಸರ್ಕಾರಿ ಸೈನಿಕರೇನಲ್ಲ, ಕಾಸಿಂ ರಜ್ವಿಯ ಖಾಸಗಿ ಪಡೆ. ಆಳುವವರ ಕೃಪೆಯಿದ್ದವರಿಗೆ ಆಯುಧ ದಕ್ಕಿತು. ಪೊಲೀಸ್ ಕಾರ್ಯಾಚರಣೆಯ ನಂತರ ಪಾತ್ರಗಳು ಅದಲುಬದಲಾದವು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ, ಆಗ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತು. ಮುಸ್ಲಿಮರ ಆಯುಧ ಕಸಿದು, ಹಲವೆಡೆ ಹಿಂದೂಗಳ ಬಳಿ ಹಾಗೇ ಬಿಟ್ಟದ್ದನ್ನೂ ದಾಖಲಿಸಿತು. (ಈ ಎರಡನೆಯ ಅಧ್ಯಾಯ ನಮ್ಮ ವಿಮೋಚನಾ ದಿನದ ಭಾಷಣಗಳಲ್ಲಿ ಕೇಳಿಬರುವುದು ಅಪರೂಪ.) ಹಕ್ಕೆಂದು ಬರೆದ ಮಾತ್ರಕ್ಕೆ ಆಯುಧ ಸಮನಾಗಿ ಹಂಚಿಕೆಯಾಗದು, ಕಸಿಯುವುದೂ ಸಮನಾಗಿರಬೇಕು, ಅದು ಕಾಯ್ದೆಯಿಂದಷ್ಟೇ ಸಾಧ್ಯ. 19ನೇ ವಿಧಿ ಸಭೆ ಸೇರುವ ಹಕ್ಕನ್ನೂ ಆಯುಧವಿಲ್ಲದೆ ಎಂಬ ಷರತ್ತಿನ ಮೇಲೆಯೇ ಕೊಡುತ್ತದೆ. 1959ರ ಆಯುಧ ಕಾಯ್ದೆಯಡಿ ಇದೇ ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಬಾಳೆ ಬೆಳೆಗಾರ ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೇಳಬಹುದು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಬೇಕಾಗಬಹುದು.